ಎರಡನೇ ಸೀಡಿ ಮೊದಲು

ನನ್ನ ಮೊಮ್ಮಗಳು ಎಂ.ಫಿಲ್. ಪಾಸಾದಳು. ಬರೀ ಪಾಸಾದದ್ದಲ್ಲ, ಪರೀಕ್ಷೆ ಮಾಡಲು ಬೇರೆ ಊರಿಂದ ಬಂದ ದೊಡ್ಡ ಮೇಷ್ಟ್ರು ಅವಳ ಪ್ರಬಂಧ ಕೈಯಲ್ಲಿ ಹಿಡಿದುಕೊಂಡು ನಕ್ಕರಂತೆ. ಹಂಗಿಸುವ ನಗೆಯಲ್ಲ, ಹೊಟ್ಟೆ ತುಂಬಿದವರ ನಗೆ. ಹಿಂದಿನ ಕಥೆ ಮುಂದಿನ ಕಥೆ ಎಲ್ಲ ಆಮೇಲೆ ಬರೆಯುತ್ತೇನೆ. ಮೊದಲು ಇದನ್ನು ಬರೆಯದಿದ್ದರೆ ನನಗೆ ಉಸಿರು ಕೆಳಗಿಳಿಯುವುದಿಲ್ಲ.

ಆ ದಿನ ಮಧ್ಯಾಹ್ನ ಅವಳ ಫೋನು ಬಂತು. ಮೊಬೈಲು ಇನ್ನೂ ಸಿರ್ಸಿ ಪೇಟೆಯ ದೊಡ್ಡ ಅಂಗಡಿಯವರ ಕಿಸೆಯಲ್ಲಿ ಮಾತ್ರ ಇದ್ದ ಕಾಲ. ಹುಬ್ಬಳ್ಳಿಯ ಆಚೆ ಅವಳು ಓದುವ ಊರಿನ ಬೂತಿನಿಂದ ಕೂಗಿ ಹೇಳಿದಳು. ಇಸಳೂರಿನ ನಮ್ಮ ಹೊಸ ಮನೆಯ ಜಗಲಿಯಲ್ಲಿ ನಾನು ಅದಕ್ಕಿಂತ ಜೋರಾಗಿ ಕೂಗಿದೆ. ಫೋನಿಡುವಾಗ ಬಾಗಿಲಲ್ಲಿ ಗ್ಯಾಸ್ ಸಿಲಿಂಡರ್ ಹೊತ್ತುಕೊಂಡು ಬಂದವನು ನಿಂತಿದ್ದ. ಸೀಲು ಸರಿ ಇದೆಯೋ ನೋಡಿಕೊಳ್ಳಿ ಎಂದ. ಮೊಮ್ಮಗಳು ಪಾಸಾದಳು ಎಂದೆ. ಸಿಲಿಂಡರ್ ಒಳಗೆ ಇಡಲೋ ಹೊರಗೋ ಎಂದ. ಎಂ.ಫಿಲ್. ಎಂದೆ. ಆ ಪುಣ್ಯಾತ್ಮ ಸಿಲಿಂಡರನ್ನು ಜಗಲಿಯಲ್ಲೇ ಬಿಟ್ಟು ಬಚಾವಾದ. ಆಮೇಲೆ ಹಾಲು ಒಯ್ಯುವವಳಿಗೆ ಹೇಳಿದೆ. ಬಸ್ ನಿಲ್ದಾಣಕ್ಕೆ ಹೋಗಿ, ಬಸ್ಸು ಹತ್ತದೆಯೇ ಕಂಡಕ್ಟರನಿಗೆ ಹೇಳಿ ಬಂದೆ. ಗೊಬ್ಬರದ ಅಂಗಡಿಯೋ ಎಂದು ತಪ್ಪಿ ಫೋನು ಮಾಡಿದವನೊಬ್ಬನಿಗೂ ಹೇಳಿದೆ. ಎಲ್ಲರಲ್ಲಿ ಅವನೊಬ್ಬನೇ ಏನು ಓದಿದ್ದಾಳೆ ಎಂದು ಮರ್ಯಾದೆಯಿಂದ ಕೇಳಿದ್ದು.

ತೊಂದರೆ ಇದ್ದದ್ದೂ ಅಲ್ಲೇ. ಅವಳು ಓದಿದ್ದು ಪ್ರೀತಿ ಮತ್ತು ನೆನಪು. ಅದೂ ಸಿನೆಮಾದಲ್ಲಿ. ಸಿನೆಮಾವೂ ನಮ್ಮದಲ್ಲ, ಜಪಾನಿನದು.

ನಾನು ನಾಲ್ಕನೇ ಇಯತ್ತೆಯವರೆಗೆ ಓದಿದವಳು. ನನ್ನ ಕಾಲದಲ್ಲಿ ಹೆಣ್ಣು ಓದಿದರೆ ಕೆಡುತ್ತದೆ ಎನ್ನುತ್ತಿದ್ದರು. ಮಗನ ಕಾಲಕ್ಕೆ ಓದದಿದ್ದರೆ ಕೆಡುತ್ತದೆ ಎಂದಾಯಿತು. ಮೊಮ್ಮಗಳ ಕಾಲದಲ್ಲಿ ಯಾವುದನ್ನು ಓದಿದರೂ ಅಡ್ಡಿಯಿಲ್ಲ, ಆದರೆ ಕೇಳಿದವರಿಗೆ ಒಂದು ಮಾತಿನಲ್ಲಿ ಹೇಳಲು ಬರಬೇಕು. ಡಾಕ್ಟರು ಎಂದರೆ ಮುಗಿಯಿತು, ಸಿ.ಎ. ಎಂದರೆ ಮುಗಿಯಿತು. ಎರಡು ವರ್ಷ ಹಾಸ್ಟೆಲಿನಲ್ಲಿದ್ದು ಪ್ರೀತಿಯ ಬಗ್ಗೆ ಓದುತ್ತಿದ್ದಾಳೆ ಎಂದರೆ ಕೇಳಿದವರು ಮೊದಲು ನಮ್ಮ ಮುಖ ನೋಡುತ್ತಾರೆ, ಆಮೇಲೆ ಅವಳಿಗೆ ವಯಸ್ಸೆಷ್ಟು ಎನ್ನುತ್ತಾರೆ. ನನ್ನ ಮಗ, ಅಂದರೆ ಅವಳ ಅಪ್ಪ, ಸಿರ್ಸಿಯಲ್ಲಿ ಹಾರ್ಡ್‌ವೇರ್ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ. ಮೊಳೆ ಬೋಲ್ಟುಗಳ ನಡುವೆ ಬದುಕುವವನು, ಯಾವುದನ್ನು ಎಲ್ಲಿ ಬಿಗಿಯಬೇಕು ಎಂದು ಗೊತ್ತವನಿಗೆ. ಮಗಳು ಇಂಗ್ಲಿಷ್ ಓದುತ್ತಿದ್ದಾಳೆ ಎಂದು ಎಲ್ಲರಿಗೂ ಹೇಳಿ ಸುಮ್ಮನಾಗಿದ್ದ. ಸುಳ್ಳೂ ಅಲ್ಲ, ಅವಳ ವಿಭಾಗ ಅದೇ.

ಗುಟ್ಟು ಬಯಲು ಮಾಡಿದವಳು ಹೇರೂರಿನ ನನ್ನ ನಾದಿನಿ. ನನ್ನ ಗಂಡನ ತಂಗಿ, ಮೊಮ್ಮಗಳ ಬಾಯಿಂದಲೇ ವಿಷಯ ಕೇಳಿ ತಿಳಿದು ಊರಿಗೆಲ್ಲ ಹೇಳಿದಳು. ಅವಳಿಗೆ ಸಿದ್ದಾಪುರ, ಸಿರ್ಸಿ, ಯಲ್ಲಾಪುರ ಮೂರೂ ತಾಲೂಕಿನಲ್ಲಿ ಮದುವೆಗೆ ಬಂದ ಗಂಡುಹೆಣ್ಣುಗಳೆಲ್ಲ ಬಾಯಿಪಾಠ. ಜಾತಕ ಹಿಡಿದುಕೊಂಡು ಬರುವಾಗ ಅವಳ ನಡಿಗೆಯೇ ಬೇರೆ. ಯಲ್ಲಾಪುರದ ಕಡೆಯ ಒಂದು ಸಂಬಂಧವನ್ನು ನಮ್ಮ ಮೊಮ್ಮಗಳಿಗೆಂದು ತಂದಿಟ್ಟಿದ್ದಳು. ಒಳ್ಳೆಯ ಜನ. ಗಂಡಿನ ಕಡೆಯವರ ಮಾತು ಒಂದೇ, ಮದುವೆ ಬೇಗ ಆಗಬೇಕು, ಓದು ಅಲ್ಲಿಗೆ ಸಾಕು.

ಓದು ಸಾಕು ಎನ್ನುವುದಕ್ಕೆ ಒಂದು ಕಾರಣವನ್ನು ಮೊಮ್ಮಗಳ ಗೈಡೇ ಒದಗಿಸಿದ್ದರು. ಗೈಡೆಂದರೆ ಪ್ರಬಂಧ ಬರೆಯಲು ದಾರಿ ತೋರಿಸುವ ಮೇಷ್ಟ್ರು. ಮೊದಲ ಸಲ ಅವಳು ಬರೆದುಕೊಂಡು ಹೋದಾಗ, ಇದರಲ್ಲಿ ಪ್ರೀತಿ ಹೆಚ್ಚಾಯಿತು, ನೆನಪು ಸಾಲದು ಎಂದು ತಿರುಗಿ ಕೊಟ್ಟರು. ಎರಡನೇ ಸಲ ಒಯ್ದಾಗ ನೆನಪು ಸರಿಯಾಗಿದೆ, ಪ್ರೀತಿ ಎಲ್ಲಿ ಹೋಯಿತು ಎಂದರು. ಸ್ವಂತದ ಮಾತು ಹೇಳಬೇಡ, ದೊಡ್ಡವರು ಹೇಳಿದ್ದನ್ನು ಹೇಳು ಎಂದು ಹೇಳಿಕೊಟ್ಟವರೂ ಅವರೇ. ಹಾಗೆ ಬರೆದರೆ, ಎಲ್ಲ ಬೇರೆಯವರದ್ದೇ ಆಯಿತಲ್ಲ, ನಿನ್ನದೇನಿದೆ ಎಂದವರೂ ಅವರೇ. ಇದನ್ನು ಕೇಳಿದ ನಮ್ಮನೆಯವರಿಗೆ, ಅಂದರೆ ನನ್ನ ಗಂಡನಿಗೆ, ಆಶ್ಚರ್ಯವೇನೂ ಆಗಲಿಲ್ಲ. ಅವರು ಜೀವಮಾನವಿಡೀ ಮದುವೆ ಮನೆಗಳಲ್ಲಿ ಅಡುಗೆ ಮಾಡಿದವರು. ಪ್ರತಿ ಮದುವೆಯಲ್ಲೂ ಇಂಥ ಒಬ್ಬ ಯಜಮಾನ ಇರುತ್ತಾನೆ, ಹುಳಿಗೆ ಉಪ್ಪು ಹೆಚ್ಚಾಯಿತು ಎನ್ನುತ್ತಾನೆ, ಸೌಟು ತಿರುಗಿಸಿ ಅದನ್ನೇ ಮತ್ತೆ ಬಡಿಸಿದರೆ ಈಗ ಸಪ್ಪೆ ಎನ್ನುತ್ತಾನೆ, ಅಂಥವರಿಗೆ ಉಪ್ಪು ಮುಟ್ಟಬಾರದು, ಬಟ್ಟಲು ಬದಲಿಸಬೇಕು ಎಂದರು.

ಬಟ್ಟಲು ಬದಲಿಸುವುದು ಹೇಗೆ ಎಂದು ಮೊಮ್ಮಗಳಿಗೆ ತಿಳಿಯಲಿಲ್ಲ. ರಜೆ ಎಂದು ಮನೆಗೆ ಬಂದವಳು ಒಂದು ಮೂಲೆ ಹಿಡಿದು ಕೂತಳು. ಮಗ ಬೈಕು ಒರೆಸುತ್ತಾ, ಅವಳ ಮುಖ ನೋಡದೆ ತೀರ್ಮಾನ ಹೇಳಿದ. ಇನ್ನೊಂದು ಸಲ ಬರೆದು ಕೊಡು, ಈ ಸಲವೂ ತಿರುಗಿ ಬಂದರೆ ಗಂಟು ಕಟ್ಟಿಕೊಂಡು ಮನೆಗೆ ಬಾ, ಯಲ್ಲಾಪುರದವರನ್ನು ಬರಲು ಹೇಳುತ್ತೇನೆ. ಅವಳು ಹೂಂ ಎಂದಳು. ಚಿಕ್ಕವಳಿದ್ದಾಗ ತಿಂಡಿ ಬೇಡವಾದರೂ ಕಿರುಚಿಯೇ ಬೇಡವೆನ್ನುತ್ತಿದ್ದ ಹುಡುಗಿ ಅದು.

ಆ ಸಿನೆಮಾದ ಸೀಡಿಗಳನ್ನು ಅವಳು ಯಾರೋ ಸ್ನೇಹಿತೆಯ ಹತ್ತಿರ ಕೇಳಿ ತಂದಿದ್ದಳು. ಆ ಕಾಲದಲ್ಲಿ ಒಂದು ಸಿನೆಮಾ ಎರಡು ಸೀಡಿಯಲ್ಲಿ ಬರುತ್ತಿತ್ತು, ಅರ್ಧ ಒಂದರಲ್ಲಿ, ಅರ್ಧ ಇನ್ನೊಂದರಲ್ಲಿ. ಒಂದು ಭಾನುವಾರ ಅವಳು ಟೈಪು ಮಾಡಿಸಲಿಕ್ಕೆಂದು ಪೇಟೆಗೆ ಹೋದಳು. ಅದೇ ಹೊತ್ತಿಗೆ ನಾದಿನಿ ಜಾತಕದೊಂದಿಗೆ ಬಂದಳು. ಎದುರು ಮನೆಯ ಅಕ್ಕೋರು, ಹಾವೇರಿ ಕಡೆಯವರು, ಇಲ್ಲಿನ ಶಾಲೆಯಲ್ಲಿ ಕಲಿಸುವವರು, ಅವರೂ ಬಂದರು. ಎರಡು ವರ್ಷ ಓದುವಂಥದ್ದು ಅದರಲ್ಲಿ ಏನಿದೆ ಎಂದು ಒಮ್ಮೆ ನೋಡಿಯೇ ಬಿಡೋಣ ಎಂದು ನಾದಿನಿ ಹೇಳಿದಳು. ಇದು ಯಾವ ದೇಶದ್ದು ಎಂದು ಕೇಳಿದಳು. ಜಪಾನು ಎಂದೆ. ಕವರಿನ ಚಿತ್ರ ನೋಡಿ, ಅಲ್ಲ, ಇದು ಮುಂಡಗೋಡದ ಟಿಬೆಟ್ ಕ್ಯಾಂಪಿನವರದ್ದು, ಇವರ ಹತ್ತಿರವೇ ನಾವು ಸ್ವೆಟರ್ ತೆಗೆದುಕೊಂಡಿದ್ದು ಎಂದು ಖಾತ್ರಿ ಮಾಡಿದಳು.

ನಮ್ಮ ಮನೆಯ ಸೀಡಿ ಮಷಿನ್ನು ಯಕ್ಷಗಾನ ನೋಡಲೆಂದು ತಂದದ್ದು. ಅದನ್ನು ಮುಟ್ಟುವ ಅಧಿಕಾರ ನಮ್ಮನೆಯವರಿಗೆ ಮಾತ್ರ. ಹೊರಗೆ ಐನೂರು ಜನರ ಅಡುಗೆಯನ್ನು ಸಂಭಾಳಿಸಿದವರು ಮನೆಯಲ್ಲಿ ಒಂದು ಲೋಟ ಚಾ ಕಾಸಿಕೊಂಡವರಲ್ಲ, ಆದರೆ ಈ ಮಷಿನ್ನಿನ ಮುಂದೆ ಮಾತ್ರ ಅವರೇ ಮುಖ್ಯ ಅಡುಗೆಯವರು. ಎರಡೂ ಸೀಡಿ ತೆಗೆದು ಬೆಳಕಿಗೆ ಹಿಡಿದರು. ಎರಡರ ಮೇಲೂ ಒಂದೇ ಚಿತ್ರ, ಒಂದೇ ಥರದ ಬರಹ. ಇಂಗ್ಲಿಷು ಒಂದಕ್ಷರ ಇಲ್ಲ. ಮೂಲೆಯಲ್ಲಿ ಮಾತ್ರ ಒಂದು ಸಣ್ಣ ಗುರುತು ಬೇರೆ ಬೇರೆ ಇತ್ತು. ಒಂದರಲ್ಲಿ ಅಡ್ಡಗೆರೆಯ ಮೇಲೆ ಏನೋ ನಿಂತ ಹಾಗೆ, ಇನ್ನೊಂದರಲ್ಲಿ ಅಡ್ಡಗೆರೆಯ ಕೆಳಗೆ ಏನೋ ನೇತುಬಿದ್ದ ಹಾಗೆ. ನಮ್ಮನೆಯವರು ಸ್ವಲ್ಪ ಯೋಚನೆ ಮಾಡಿ ತೀರ್ಪು ಕೊಟ್ಟರು. ನಿಂತದ್ದು ಒಲೆಯ ಮೇಲಿನ ಪಾತ್ರೆ. ನೇತುಬಿದ್ದದ್ದು ಅಟ್ಟದಿಂದ ಇಳಿಬಿಟ್ಟ ನೆಲುವಿನ ಪಾತ್ರೆ.

"ಮೊದ್ಲು ನೆಲುವಿಂದ ಇಳಸವು, ಮತ್ತೆ ಒಲೆ ಮೇಲೆ ಇಡವು. ಹಂಗಾಗಿ ನೇತಾಡ್ತಾ ಇಪ್ಪುದು ಒಂದ್ನೇದು," ಎಂದು ಹೇಳಿ ಹಾಕಿಯೇ ಬಿಟ್ಟರು.

ಈ ತೀರ್ಪಿನಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ನನಗಂತೂ ಗಂಡನ ಬುದ್ಧಿಗೆ ಹೆಮ್ಮೆಯೇ ಆಯಿತು, ಅದನ್ನು ಯಾಕೆ ಮುಚ್ಚಿಡಲಿ.

ಸಿನೆಮಾ ಸುರುವಾಯಿತು. ರೈಲು ಸ್ಟೇಶನ್ನಿನ ಪಕ್ಕದಲ್ಲಿ ಒಂದು ಸಣ್ಣ ಖಾನಾವಳಿ. ಸಿರ್ಸಿಗೆ ರೈಲು ಬಂತು, ಬಂತು ಎನ್ನುವುದನ್ನು ಕೇಳುತ್ತಲೇ ಮುದುಕಿಯಾದವಳು ನಾನು, ಸಿನೆಮಾದಲ್ಲಾದರೂ ಬಂತಲ್ಲ ಎಂದು ಕೂತೆ. ಖಾನಾವಳಿಯಲ್ಲಿ ಒಬ್ಬಳು ಮುದುಕಿ. ಶಾವಿಗೆಯಂಥದ್ದನ್ನು ಬೇಯಿಸುತ್ತಾಳೆ. ಎರಡು ಬಟ್ಟಲಿಗೆ ಹಾಕುತ್ತಾಳೆ. ಬಟ್ಟಲಿನ ಅಂಚಿಗೆ ಚೆಲ್ಲಿದ್ದನ್ನು ಹೆಬ್ಬೆರಳಿನಿಂದ ಒರೆಸುತ್ತಾಳೆ. ಒಂದನ್ನು ತನ್ನ ಮುಂದಿಡುತ್ತಾಳೆ, ಇನ್ನೊಂದನ್ನು ಎದುರಿನ ಖಾಲಿ ಮಣೆಯ ಮುಂದೆ. ತನ್ನದನ್ನು ಉಣ್ಣುತ್ತಾಳೆ. ಎದುರಿನದು ತಣ್ಣಗಾಗುತ್ತದೆ. ಅದನ್ನು ಎತ್ತಿ ಪಾತ್ರೆಗೆ ಹಾಕುತ್ತಾಳೆ. ಮರುದಿನ ಮತ್ತೆ ಅದೇ. ಮಾತಿಲ್ಲ ಕಥೆಯಿಲ್ಲ. ಹಾಡು ಒಂದಾದರೂ ಇಡಬಾರದಾಗಿತ್ತೇನು ಎಂದು ಅಕ್ಕೋರು ಗೊಣಗಿದರು. ನಮ್ಮನೆಯವರು ಇದನ್ನು ಅಡುಗೆಯ ಸಿನೆಮಾ ಎಂದು ತಿಳಿದು ಎಡಬಿಡದೆ ಪರೀಕ್ಷೆ ಮಾಡುತ್ತಿದ್ದರು. ದಿನವೂ ಒಂದೇ ಪದಾರ್ಥ ಮಾಡಿದರೆ ಗಿರಾಕಿ ಎಲ್ಲಿಂದ ಬರಬೇಕು, ಒಂದು ತಂಬುಳಿಯನ್ನಾದರೂ ಮಾಡಬಾರದೇ ಎಂದರು.

ನಾನು ಸೆರಗಿನ ತುದಿ ಕಣ್ಣಿಗೆ ಒತ್ತಿದೆ. ಯಾರೂ ನೋಡಬಾರದೆಂದು, ಅನ್ನ ದಂಡ ಆಗುತ್ತಿದೆಯಲ್ಲ ಎಂದು ಬೈದೆ.

ಮುದುಕಿ ಒಂದು ಸಂಜೆ ಎರಡೂ ಬಟ್ಟಲು ತೊಳೆದು ಕವುಚಿ ಹಾಕಿ, ಚಾಪೆಯ ಮೇಲೆ ಮಲಗಿದಳು. ಅಷ್ಟರಲ್ಲಿ ಕರೆಂಟು ಹೋಯಿತು. ನಮ್ಮ ಕಡೆಯ ಕರೆಂಟು ಹೋಗುವುದಕ್ಕೆ ಹೊತ್ತು ಗೊತ್ತು ಇಲ್ಲ, ಆದರೆ ಆ ದಿನ ಹೋದ ಹಾಗೆ ಹದವಾಗಿ ಇನ್ನೆಂದೂ ಹೋಗಲಿಲ್ಲ. ಕಿಟಕಿ ಮುಚ್ಚಿದ್ದ ಜಗಲಿಯೆಲ್ಲ ಕತ್ತಲು. ನಾದಿನಿ ಮೆಲ್ಲಗೆ, "ಸತ್ತೋತು ಪಾಪ," ಎಂದಳು. ಅಕ್ಕೋರು ಹೌದೆಂದರು. ಸೊಸೆ ಎದ್ದು ಕಾಫಿಗಿಟ್ಟಳು. ಎಲ್ಲರೂ ಆ ಮುದುಕಿಯ ಹೆಸರಲ್ಲಿ ಕಾಫಿ ಕುಡಿದೆವು.

ಕರೆಂಟು ಬಂದಮೇಲೆ ನಮ್ಮನೆಯವರು, ಸತ್ತವಳನ್ನು ಮತ್ತೇನು ನೋಡುವುದು ಎಂದು ಇನ್ನೊಂದು ಸೀಡಿ ಹಾಕಿದರು. ನೋಡಿದರೆ ಅದೇ ರೈಲು ಸ್ಟೇಶನ್ನು, ಅದೇ ಖಾನಾವಳಿ. ಒಳಗೆ ಒಬ್ಬಳು ಎಳೆ ಹುಡುಗಿ. ಶಾವಿಗೆ ಬೇಯಿಸಿ ಬಟ್ಟಲಿಗೆ ಹಾಕಿದಳು. ಹೆಬ್ಬೆರಳಿನಿಂದ ಅಂಚು ಒರೆಸಿದಳು. ನನಗೆ ಮೈ ಜುಂ ಎಂದಿತು. ಇದು ಅವಳೇ ಎಂದೆ. ಹುಟ್ಟಿ ಬಂದಿದ್ದಾಳೆ ಎಂದೆ. ಯಾರೂ ಇಲ್ಲವೆನ್ನಲಿಲ್ಲ. ರೈಲು ಬಂತು. ಒದ್ದೆ ಕೊಡೆ ಹಿಡಿದ ಹುಡುಗನೊಬ್ಬ ಇಳಿದು ಬಂದು ಸೀದಾ ಆ ಖಾಲಿ ಮಣೆಯ ಮೇಲೆ ಕೂತ. ಅಕ್ಕೋರು ಎದ್ದು ನಿಂತು, "ಬಂದಾ ನೋಡ್ರಿ. ಬಂದ," ಎಂದರು. ಪಾಠ ಒಪ್ಪಿಸದ ಹುಡುಗ ಕಡೆಗೆ ಒಪ್ಪಿಸಿದಾಗ ಅವರ ದನಿ ಹೀಗೇ ಇರಬೇಕು. ನಾದಿನಿ ಜಾತಕದ ಚೀಲದಲ್ಲಿ ಮುಖ ಹುದುಗಿಸಿ ಅತ್ತಳು. ಹುಡುಗ ಸೊರ್ ಸೊರ್ ಎಂದು ಉಂಡ. ಉಣ್ಣುವಾಗ ಸದ್ದು ಮಾಡುವ ಜನ ಒಳ್ಳೆಯವರು, ಅಡುಗೆಯವನಿಗೆ ತಿಳಿಯುತ್ತದೆ ಎಂದು ನಮ್ಮನೆಯವರು ಸರ್ಟಿಫಿಕೇಟು ಕೊಟ್ಟರು. ಕಡೆಗೆ ಇಬ್ಬರೂ ಮದುವೆಯಾಗಿ ಸಮುದ್ರದ ದಂಡೆಯಲ್ಲಿ ನಡೆದು ಹೋದರು, ಸಿನೆಮಾ ಮುಗಿಯಿತು. ಒಂದು ಜನ್ಮವಿಡೀ ಎಡೆ ಇಟ್ಟು ಕಾದವಳಿಗೆ ಮುಂದಿನ ಜನ್ಮದಲ್ಲಿ ಅದೇ ಗಂಡ ಸಿಕ್ಕಿದ. ಇದಕ್ಕಿಂತ ಚಂದದ ಕಥೆ ಇನ್ನೇನು ಬೇಕು.

ಮೊಮ್ಮಗಳು ಪೇಟೆಯಿಂದ ಬಂದಾಗ ನಾವೆಲ್ಲ ಕಣ್ಣೊರೆಸಿಕೊಂಡು ನಗುತ್ತಾ ಕೂತಿದ್ದೆವು. ಅವಳಿಗೆ ಗಾಬರಿಯಾಯಿತು. ಆ ಸಿನೆಮಾ ನೋಡಿ ನಕ್ಕವರನ್ನು ಅವಳು ಕಂಡಿರಲಿಲ್ಲ.

"ಚೊಲೋ ಸಿನೆಮಾ ತಂಗಿ," ಎಂದಳು ನಾದಿನಿ. "ಅಂತೂ ಕಡೆಗೆ ಗಂಡ ಬಂದ್ನಲೇ."

"ಯಾರು ಬಂದಿದ್ದು ಹೇರೂರಜ್ಜಿ? ಗಂಡ ಸತ್ತು ಹೋಗಿದ್ದ. ಅದಕ್ಕೇ ಅಲ್ದ ಅದು ಖಾಲಿ ಮಣೆಗೆ ಬಟ್ಲು ಇಡೂದು."

"ಸತ್ರೆ ಎಂತಾತು? ಮುಂದಿನ ಜನ್ಮ ಹೇಳಿ ಇಲ್ಯ?"

ಮೊಮ್ಮಗಳು ಮಷಿನ್ನಿನಲ್ಲಿದ್ದ ಸೀಡಿ ತೆಗೆದು ನೋಡಿದಳು. ಹಣೆ ಹಣೆ ಬಡಿದುಕೊಂಡಳು. ಜಪಾನಿನವರಲ್ಲಿ ಗೆರೆಯ ಮೇಲೆ ನಿಂತದ್ದು ಮೊದಲನೇದು, ಕೆಳಗೆ ನೇತುಬಿದ್ದದ್ದು ಎರಡನೇದು, ಅಜ್ಜ ಎರಡನೇ ಸೀಡಿಯನ್ನು ಮೊದಲು ಹಾಕಿದ್ದರಂತೆ. ಸರಿಯಾದ ಕಥೆಯಲ್ಲಿ ಮೊದಲು ಅವರು ಎಳೆಯರು, ಪ್ರೀತಿ ಮಾಡುತ್ತಾರೆ, ಮದುವೆಯಾಗುತ್ತಾರೆ. ಆಮೇಲೆ ಅವನು ಸಾಯುತ್ತಾನೆ, ಅವಳು ಮುದುಕಿಯಾಗಿ ಅವನ ನೆನಪಿನಲ್ಲಿ ಬಟ್ಟಲಿಡುತ್ತಾಳೆ. ಅಷ್ಟೇ. ಯಾರೂ ಹುಟ್ಟಿ ಬರುವುದಿಲ್ಲ. ಮುದುಕಿ ಸತ್ತೂ ಇಲ್ಲ, ಮಲಗಿದ್ದಾಳೆ, ಬೆಳಿಗ್ಗೆ ಎದ್ದು ಮತ್ತೆ ಒಲೆ ಹಚ್ಚುತ್ತಾಳೆ. ಇದನ್ನು ಕೇಳಿ ನಾದಿನಿಗೆ ಸಿಟ್ಟು ಬಂತು. ಇಂಥ ಅಪಶಕುನದ ಕಥೆಯನ್ನು ಓದಲಿಕ್ಕೆ ಎರಡು ವರ್ಷವೇ ಎಂದಳು. ನಾವು ನೋಡಿದ್ದೇ ಸರಿ, ತೆಗೆದವರಿಗೆ ತಿಳಿಯಲಿಲ್ಲ ಎಂದಳು. ಅಕ್ಕೋರು ಆಕೆಯ ಪಕ್ಷ ಸೇರಿದರು. ನಮ್ಮನೆಯವರು ನೆಲುವಿನ ವಾದವನ್ನು ಮತ್ತೊಮ್ಮೆ ಮೊದಲಿನಿಂದ ಮಂಡಿಸಿದರು. ತಪ್ಪಾಯಿತು ಎನ್ನುವ ಪದ್ಧತಿ ನಮ್ಮ ಮನೆಯಲ್ಲಿ ಗಂಡಸರಿಗೆ ಇಲ್ಲ.

ಮೊಮ್ಮಗಳು ಆ ಸೀಡಿಯನ್ನು ತಿರುಗಿಸಿ ತಿರುಗಿಸಿ ನೋಡುತ್ತಾ ನಿಂತಳು. ನಾದಿನಿ ಹೋದ ಮೇಲೆ ಅಡುಗೆಮನೆಗೆ ಬಂದು ಒಲೆಯ ಹತ್ತಿರ ಕೂತು, ಅಜ್ಜಿ, ನೀವು ನೋಡಿದ ಕಥೆಯನ್ನು ಮೊದಲಿಂದ ಹೇಳು ಎಂದಳು. ಹೇಳಿದೆ. ಮತ್ತೊಮ್ಮೆ ಹೇಳು ಎಂದಳು. ಮತ್ತೊಮ್ಮೆ ಹೇಳಿದೆ, ಸ್ವಲ್ಪ ಉಪ್ಪು ಖಾರ ಸೇರಿಸಿ. ಮುದುಕಿಯೇ ಹುಡುಗಿಯಾಗಿ ಬಂದಳು ಎಂದು ನಿನಗೆ ಹೇಗೆ ತಿಳಿಯಿತು ಎಂದು ಕೇಳಿದಳು. ಹೆಬ್ಬೆರಳು ಎಂದೆ. ಬಟ್ಟಲಿನ ಅಂಚನ್ನು ಒರೆಸಿದ ರೀತಿ. ಅದನ್ನು ಅವಳು ಇಷ್ಟು ಸಲ ನೋಡಿಯೂ ಗಮನಿಸಿರಲಿಲ್ಲವಂತೆ. ನಾನಾದರೂ ಹೇಗೆ ಗಮನಿಸಿದೆ? ಅದಕ್ಕೊಂದು ಕಾರಣ ಇತ್ತು.

ನನ್ನ ಮದುವೆಯಾದ ಹೊಸತರಲ್ಲಿ ಮದುವೆಯ ತಿಂಗಳುಗಳು ಬಂದವೆಂದರೆ ನಮ್ಮನೆಯವರು ಮನೆಯಲ್ಲಿ ಇರುತ್ತಿರಲಿಲ್ಲ. ಇವತ್ತು ಸಿದ್ದಾಪುರ, ನಾಳೆ ಅರಬೈಲ್ ಘಟ್ಟದ ಬುಡ. ಬರುತ್ತೇನೆ ಎಂದ ದಿನ ಬಂದದ್ದು ಇಲ್ಲ. ನಾನು ಅನ್ನ ಮುಚ್ಚಿಟ್ಟು ಕಾಯುತ್ತಿದ್ದೆ. ಅವರು ಮಾರನೇ ದಿನ ಬಂದು, ಊಟ ಅಲ್ಲೇ ಆಯಿತು ಎನ್ನುತ್ತಿದ್ದರು. ಮುಚ್ಚಿಟ್ಟದ್ದು ಆಕಳಿಗೆ. ಊರಿನ ಮದುಮಕ್ಕಳಿಗೆಲ್ಲ ಹೋಳಿಗೆ ಬಡಿಸಿದವರು ನನಗೆ ಬಡಿಸಿದ್ದು ಒಂದೇ ಸಲ. ಯಲ್ಲಾಪುರದಲ್ಲಿ ನನ್ನ ಅಕ್ಕನ ಮಗಳ ಮದುವೆ. ಅಡುಗೆ ಇವರದ್ದು. ನಾನು ಹೆಂಗಸರ ಪಂಕ್ತಿಯಲ್ಲಿ ಕೂತಿದ್ದೆ. ಬಡಿಸುವವರು ಕಡಿಮೆ ಬಿದ್ದು ಇವರೇ ಪಾಯಸ ಹಿಡಿದು ಬಂದರು. ನನ್ನ ಎಲೆಯ ಮುಂದೆ ಬಗ್ಗಿ, ಬಡಿಸಿ, ಪಾತ್ರೆಯ ಅಂಚನ್ನು ಹೆಬ್ಬೆರಳಿನಿಂದ ಒರೆಸಿ, ಸಾಕಾ ಎಂದು ಕೇಳಿದರು. ಎಲ್ಲರಿಗೂ ಕೇಳಿದ ಹಾಗೇ. ಸಾಕು ಎಂದು ಕೈ ಅಡ್ಡ ಹಿಡಿದೆ. ನೆಂಟರ ಎದುರಿಗೆ ಮತ್ತೇನು ಹೇಳುವುದು. ಮುಂದಿನ ಎಲೆಗೆ ಹೋದರು.

ಇಷ್ಟನ್ನು ಮೊಮ್ಮಗಳಿಗೆ ಹೇಳಿದೆ. ಪ್ರೀತಿ ಮಣ್ಣು ಎಂದೆಲ್ಲ ಹೇಳಲಿಲ್ಲ, ಪಾಯಸದ ವಿಷಯ ಹೇಳಿದೆ.

"ಅಜ್ಜ ನಿನ್ನ ಹಂಗೆ ಕಾಯಿಸ್ತಿದ್ನ ಅಜ್ಜಿ?" ಎಂದಳು.

"ಕಾಯ್ತಾ ಇದ್ದಿ ಹೇಳಿ ಅವ್ಕೆ ಗೊತ್ತಿದ್ರೆ ಅಲ್ದ ಕಾಯಿಸೂದು?"

ಅವಳು ಎದ್ದು ಹೋಗಿ ಬರೆಯಲು ಕೂತಳು. ಆಮೇಲಿನ ದಿನಗಳಲ್ಲಿ ಮನೆಯವರನ್ನೆಲ್ಲ ಹಿಡಿದು ಹಿಡಿದು ಕೇಳಿದಳು. ಅಕ್ಕೋರು ಯಾರಿಗಾಗಿ ಎದ್ದು ನಿಂತರು ಎಂದು ಕೇಳಿ ಬಂದಳು, ಬರುವಾಗ ಅವಳ ಮುಖ ಗಂಭೀರವಾಗಿತ್ತು, ನಮಗೆ ಹೇಳಲಿಲ್ಲ. ನಾದಿನಿಯ ಹತ್ತಿರ ಕೇಳಲು ಹೇರೂರಿಗೇ ಹೋದಳು. ಜಾತಕಕ್ಕೆ ಒಪ್ಪಿ ಬಂದಳೆಂದು ತಿಳಿದು ನಾದಿನಿ ಕಡುಬು ಮಾಡಿ ಹಾಕಿದಳಂತೆ. ಹೀಗೆ, ಜಪಾನಿನ ಒಂದು ಸಿನೆಮಾವನ್ನು ಇಸಳೂರಿನ ಜಗಲಿಯಲ್ಲಿ ಹಿಂದುಮುಂದಾಗಿ ನೋಡಿದವರು ತಮ್ಮ ತಮ್ಮ ನೆನಪಿನಲ್ಲಿ ಅದಕ್ಕೆ ಬೇರೆಯದೇ ಪ್ರೀತಿಯ ಕಥೆ ಕಟ್ಟಿದ್ದು ಹೇಗೆ ಎನ್ನುವುದು ಪ್ರಬಂಧದ ಹೊಸ ಅರ್ಧವಾಯಿತು. ಇದು ಅವಳೇ ನನಗೆ ತಿಳಿಯುವ ಹಾಗೆ ಹೇಳಿದ ಮಾತು. ಪ್ರಬಂಧದಲ್ಲಿ ಇದನ್ನೇ ಯಾರಿಗೂ ತಿಳಿಯದ ಹಾಗೆ ಬರೆಯಬೇಕಂತೆ.

ಗೈಡ್ ಮೇಷ್ಟ್ರು ಓದಿ ಹುಬ್ಬು ಗಂಟಿಕ್ಕಿದರಂತೆ. ಪ್ರೀತಿಯೂ ಇದೆ, ನೆನಪೂ ಇದೆ, ಆದರೆ ಅಡುಗೆ ಹೆಚ್ಚಾಯಿತು ಎಂದರಂತೆ. ಆದರೂ ತಿರುಗಿ ಕೊಡಲಿಲ್ಲ. ಹೊರಗಿನ ಮೇಷ್ಟ್ರು ಏನೆನ್ನುತ್ತಾರೋ ಅದರ ಮೇಲೆ ಬಿಟ್ಟರು. ಅಂದರೆ ಹುಡುಗಿಯ ಹಣೆಬರಹ ಆ ಒಂದು ದಿನದ ಬಾಯಿ ಪರೀಕ್ಷೆಗೆ ಬಂದು ನಿಂತಿತು. ಮಗ ಮಾತು ಬದಲಿಸಲಿಲ್ಲ. ಯಲ್ಲಾಪುರದವರು ಆ ವಾರವೇ ಬರುತ್ತೇವೆಂದು ಹೇಳಿ ಕಳಿಸಿದ್ದರು.

ಪರೀಕ್ಷೆ ಹೇಗಾಯಿತೆಂದು ಅವಳು ಆ ಸಂಜೆ ಬಸ್ಸಿಳಿದು ಚಪ್ಪಲಿ ಬಿಡುವ ಮೊದಲೇ ಹೇಳಿದಳು. ಹೊರಗಿನ ಮೇಷ್ಟ್ರು ಗಟ್ಟಿ ಆಳು, ಅವಳು ಬಾಯಿಪಾಠ ಮಾಡಿಕೊಂಡು ಹೋದದ್ದನ್ನು ಹೇಳತೊಡಗಿದರೆ ಕೈ ಎತ್ತಿ ನಿಲ್ಲಿಸಿ, "ಅದೆಲ್ಲಾ ನಾವೂ ಓದೇವಿ ಬಿಡವಾ. ನಿಮ್ಮಜ್ಜಿ ನೋಡಿದ ಕಥಿ ಹೇಳು," ಎಂದರಂತೆ. ಅವಳು ಹೇಳಿದಳು. ನೆಲುವು, ಒಲೆ, ಕರೆಂಟು ಹೋದದ್ದು, ಕಾಫಿ, ಎಲ್ಲ. ಅವರು ನಕ್ಕರು. ಆಮೇಲೆ, ಹಾಗಾದರೆ ಯಾವ ಸೀಡಿ ಮೊದಲು ಎಂದು ಗಂಭೀರವಾಗಿ ಕೇಳಿದರು. ಸಿನೆಮಾದಲ್ಲಿ ಮೊದಲು ಪ್ರೀತಿ, ಆಮೇಲೆ ನೆನಪು, ನಮ್ಮ ಮನೆಯಲ್ಲಿ ಮೊದಲು ನೆನಪು ಬಂತು, ಪ್ರೀತಿ ಆಮೇಲೆ ಎಂದು ಇವಳು ಹೇಳಿದಳು. ಗೈಡ್ ಮೇಷ್ಟ್ರು ಅದು ಸಾಧ್ಯವಿಲ್ಲ ಎಂದರು. ಹೊರಗಿನವರು ಯಾಕೆ ಸಾಧ್ಯವಿಲ್ಲ ಎಂದರು. ಇಬ್ಬರೂ ಒಬ್ಬರ ಮೇಲೊಬ್ಬರು ದೊಡ್ಡವರ ಮಾತುಗಳನ್ನು ಎಸೆಯತೊಡಗಿದರು. ಇವಳು ನಡುವೆ ಕೂತು ತಂದಿಟ್ಟಿದ್ದ ಬಿಸ್ಕತ್ತು ತಿಂದಳು. ಬಹಳ ಹೊತ್ತಾದ ಮೇಲೆ ಇವಳು ಇದ್ದಾಳೆಂದು ನೆನಪಾಗಿ, ನೀನಿನ್ನು ಹೋಗು, ಪಾಸು ಎಂದರಂತೆ. ಪಿಎಚ್.ಡಿ.ಗೆ ತಮ್ಮ ಹತ್ತಿರವೇ ಬಾ ಎಂದು ಹೊರಗಿನವರು ಬಾಗಿಲ ತನಕ ಬಂದು ಹೇಳಿದರಂತೆ.

ಆಗ ನಮ್ಮನೆಯವರು ಎಲ್ಲಿದ್ದರೆಂದರೆ, ಅಡುಗೆಮನೆಯಲ್ಲಿ. ಇದನ್ನು ನಂಬದಿದ್ದರೂ ಅಡ್ಡಿಯಿಲ್ಲ, ನಾನೂ ಕಣ್ಣಾರೆ ಕಂಡ ಮೇಲೆಯೇ ನಂಬಿದ್ದು. ಫೋನು ಬಂದದ್ದೇ ತಡ, ಟವೆಲು ಸೊಂಟಕ್ಕೆ ಬಿಗಿದು, ನನ್ನನ್ನೂ ಸೊಸೆಯನ್ನೂ ಹೊರಗೆ ಕಳಿಸಿ, ಜಗಲಿಯಲ್ಲಿದ್ದ ಸಿಲಿಂಡರನ್ನು ಮಗನಿಂದ ಹೊರಿಸಿ ಒಲೆ ಹಚ್ಚಿದ್ದರು. ತೊಂದರೆ ಏನೆಂದರೆ ಅವರಿಗೆ ನೂರು ಜನಕ್ಕಿಂತ ಕಡಿಮೆ ಮಾಡಲು ಬರುವುದಿಲ್ಲ. ಗೋಧಿಕಡಿ ಪಾಯಸಕ್ಕೆ ಸಾಕಾಗುವ ಪಾತ್ರೆ ನಮ್ಮಲ್ಲಿ ಇಲ್ಲದೆ ಅಕ್ಕೋರ ಮನೆಯ ಸ್ನಾನದ ನೀರಿನ ಹಂಡೆಯನ್ನು ತೊಳೆದು ತಂದರು. ಮಾವಿನಕಾಯಿಯ ಅಪ್ಪೆಹುಳಿ ಬಕೆಟ್ಟಿನಲ್ಲಿ. ಕೋಸಂಬರಿ ಒಂದು ಮೊರದಷ್ಟು. ಅಕ್ಕೋರಿಗೆ, ಹಾಲಿನವಳಿಗೆ, ಬಸ್ಸಿನ ಕಂಡಕ್ಟರನಿಗೆ ಹಿಡಿಕೆಯ ತೂಕುಪಾತ್ರೆಯಲ್ಲಿ ಕಳಿಸಿ ಕೊಟ್ಟರೂ ಮುಗಿಯಲಿಲ್ಲ.

ನಾದಿನಿಯೂ ಬಂದಳು, ಕೈಯಲ್ಲಿ ಜಾತಕದ ಚೀಲ. ಮೊಮ್ಮಗಳು ಅವಳ ಕಾಲಿಗೆ ನಮಸ್ಕಾರ ಮಾಡಿದಳು. ನಾದಿನಿ ಮಗನ ಕಡೆ ನೋಡಿದಳು. ಮಗ ಚಾವಣಿ ನೋಡಿದ. ಕಡೆಗೆ, ಯಲ್ಲಾಪುರದವರಿಗೆ ಬೇರೆ ಕಡೆ ನೋಡಲು ಹೇಳು ಅತ್ತೆ, ಇವಳು ಇನ್ನೂ ಓದುತ್ತಾಳೆ ಎಂದ. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದರಲ್ಲಿ ಅವನು ಅಪ್ಪನ ಹಾಗಲ್ಲ, ಎಲ್ಲಿ ಬಿಗಿದಿದ್ದನೋ ಅಲ್ಲಿಯೇ ಸಡಿಲಿಸಿದ. ನಾದಿನಿ ಚೀಲವನ್ನು ಗೂಟಕ್ಕೆ ನೇತುಹಾಕಿ, ಅವರಿಗೆ ಸಿದ್ದಾಪುರದ ಕಡೆ ಮದುವೆಗೆ ಬಂದ ಇನ್ನೊಂದು ಕೂಸು ನೋಡಿಟ್ಟಿದ್ದೇನೆ ಎಂದಳು. ಅವಳ ಅಂಗಡಿಗೆ ನಷ್ಟ ಎಂಬುದಿಲ್ಲ.

ಎಲೆ ಹಾಕಿದೆವು. ಗಂಡಸರಿಗೆ ಮೊದಲು, ಹೆಂಗಸರಿಗೆ ಆಮೇಲೆ ಎಂದು ನಾದಿನಿ ಹೇಳಿದಳು. ಮೊಮ್ಮಗಳು ಕೇಳಲಿಲ್ಲ, ಎಲ್ಲರಿಗೂ ಒಂದೇ ಸಾಲಿನಲ್ಲಿ ಎಲೆ ಹಾಸಿಬಿಟ್ಟಳು, ನನ್ನ ಪಕ್ಕದಲ್ಲಿ ಅಜ್ಜನಿಗೂ ಒಂದು. ಇವತ್ತು ಮಜ್ಜಿಗೆಯಿಂದ ಸುರು ಮಾಡಿ ಉಪ್ಪಿನಲ್ಲಿ ಮುಗಿಸೋಣ ಅಜ್ಜ, ಸಿನೆಮಾದ ಹಾಗೆ ಎಂದು ಕೆಣಕಿದಳು.

"ಸಿನೆಮಾ ಹಿಂದುಮುಂದಾದ್ರೆ ಅಡ್ಡಿಲ್ಲೆ ತಂಗಿ," ಎಂದರು ಅವರು. "ಊಟ ಹಂಗೆ ಅಪ್ಪಲಾಗ."

ಸೌಟು ಹಿಡಿದು ಸಾಲಿನ ಆ ತುದಿಯಿಂದ ಬಡಿಸುತ್ತಾ ಬಂದರು. ಉಪ್ಪು, ಕೋಸಂಬರಿ, ಪಲ್ಯ, 'ಸಾವಕಾಶ ಊಟ ಮಾಡಿ' ಎಂದು ಬಾಯಿಯಲ್ಲಿ ಅದೇ ಮದುವೆ ಮನೆಯ ಮಾತು. ಪಾಯಸ ತಂದರು. ನನ್ನ ಎಲೆಯ ಮುಂದೆ ಬಗ್ಗಿ, ಬಡಿಸಿ, ಪಾತ್ರೆಯ ಅಂಚನ್ನು ಹೆಬ್ಬೆರಳಿನಿಂದ ಒರೆಸಿದರು. ಮೊಮ್ಮಗಳ ಕೈ ತುತ್ತಿನ ಸಮೇತ ನಿಂತುಬಿಟ್ಟಿತು. ನಾನು ಅವಳನ್ನು ನೋಡಲಿಲ್ಲ.

"ಸಾಕಾ?" ಎಂದರು.

"ಸಾಲ್ತಿಲ್ಲೆ," ಎಂದೆ.

ಅವರು ಒಂದು ಗಳಿಗೆ ನನ್ನ ಮುಖ ನೋಡಿ ಇನ್ನೊಂದು ಸೌಟು ಹಾಕಿದರು. ಮೊಮ್ಮಗಳು ಅವರ ಟವೆಲು ಹಿಡಿದು ಜಗ್ಗಿ ನನ್ನ ಪಕ್ಕದ ಎಲೆಗೆ ಕೂರಿಸಿದಳು. ಮುಂದೆ ಬೇಕಾದದ್ದನ್ನು ಅವರವರೇ ಬಡಿಸಿಕೊಂಡರು. ಮಗ ಅಪ್ಪೆಹುಳಿಯನ್ನು ಮೂರು ಸಲ ಹಾಕಿಸಿಕೊಂಡ, ಸೊಸೆ ನಗುತ್ತಾ ಎಲೆಯ ಮೇಲೆ ಬಗ್ಗಿದಳು, ನಾದಿನಿ ಗಂಡಸರ ಸಾಲಿನಲ್ಲಿ ಕೂತೆನೆಂಬುದನ್ನು ಮರೆತು ಎರಡನೇ ಸಲ ಪಾಯಸ ಕೇಳಿದಳು. ನಮ್ಮನೆಯವರು ಪಾಯಸ ಸುರಿದುಕೊಂಡು ಸೊರ್ ಎಂದು ಸದ್ದು ಮಾಡಿದರು, ಸ್ವಲ್ಪ ಸಿಹಿ ಮುಂದಾಯಿತು ಎಂದರು, ಮತ್ತೆ ಹಾಕಿಸಿಕೊಂಡರು.